ಫೋರ್ಟಿನ ಓಣಿಯಲ್ಲಿ ಬಂಗುಡೆ ಪುಳಿಮುಂಚಿ

ಮುಂಬಯಿಯ ಫೋರ್ಟ್ ಪರಿಸರದಲ್ಲಿ ‘ಲಂಚ್ ಹೋಮ್’ ಎಂಬ ಬೋರ್ಡು ಕಂಡರೆ ನಮ್ಮ ತುಳುನಾಡು ನೆನಪಾಗದೆ ಇರದು. ಹಗಲು ಕೆಲಸ, ರಾತ್ರಿ ಶಾಲೆ ಎಂದು ದುಡಿದ ಊರಿನ ಹುಡುಗರಿಗೆ ಮಧ್ಯಾಹ್ನ ಬೇಕಿದ್ದದ್ದು ಮನೆಯೂಟ: ಕುಚ್ಚಲಕ್ಕಿ ಅನ್ನ, ಮೀನು ಸಾರು. ಮೊಗವೀರ ವ್ಯವಸ್ಥಾಪಕ ಮಂಡಳಿ ಇಲ್ಲಿ 1902ರಲ್ಲೇ ಹುಟ್ಟಿತ್ತೆಂದರೆ ಈ ನಂಟು ಎಷ್ಟು ಹಳೆಯದೆಂದು ಊಹಿಸಿ.

1973ರಲ್ಲಿ ಕಾವಸ್ಜಿ ಪಟೇಲ್ ಬೀದಿಯಲ್ಲಿ ಮಹೇಶ್ ಲಂಚ್ ಹೋಮ್ ಶುರುವಾಯಿತು. ಮುಂದೆ ಇಂಥ ಹೋಟೆಲುಗಳಿಗೆ ಕರಾವಳಿಯ ಪರಿಚಯವೇ ಇಲ್ಲದ ಕುಟುಂಬಗಳೂ ಬಂದವು. ಬಂಗುಡೆ ‘ಬಾಂಗ್ಡಾ’ ಆಯಿತು, ಅಂಜಲ್ ‘ಸುರ್ಮೈ’ ಆಯಿತು. ಏಡಿಗೆ ಬೆಣ್ಣೆ, ಕರಿಮೆಣಸು, ಬೆಳ್ಳುಳ್ಳಿ ಬಿತ್ತು (ಅಜ್ಜಿಯಂದಿರು ಒಪ್ಪುತ್ತಿದ್ದರೋ ಇಲ್ಲವೋ!). ಗಸಿ, ಸುಕ್ಕ, ಪುಳಿಮುಂಚಿ ಮಾತ್ರ ಹೆಸರು ಬದಲಿಸಲಿಲ್ಲ.

ಪುಳಿ ಎಂದರೆ ಹುಳಿ, ಮುಂಚಿ ಎಂದರೆ ಮೆಣಸು. ಎಣ್ಣೆಯಂಶದ ಬಂಗುಡೆಗೆ ಹುಣಸೆಯೇ ಜೋಡಿ. ಮರುದಿನಕ್ಕೆ ರುಚಿ ಇನ್ನೂ ಹೆಚ್ಚು. ಈ ಅಳತೆ ಪುಸ್ತಕದಿಂದ ಬಂದದ್ದಲ್ಲ, ಅರೆಯುವ ಕಲ್ಲಿನ ಮುಂದೆ ಕೂತ ಹೆಂಗಸರ ಕೈಯದು. ಲಂಚ್ ಹೋಮುಗಳ ಚರಿತ್ರೆ ಹೇಳುವಾಗ ಮಾಲೀಕರ ಹೆಸರು ಬರುತ್ತದೆ, ಆ ತಾಯಂದಿರದು ಬರುವುದಿಲ್ಲ. ನಮ್ಮ ನಡುವಿನ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳೋಣ. ದೋಣಿಗಳು ದಡ ಸೇರಿ, ತಾಜಾ ಮೀನು ಅಪರೂಪವಾಗುವ ಜೂನ್-ಜುಲೈ ಅದಕ್ಕೆ ಒಳ್ಳೆಯ ಸಮಯ.