ಮುಳುಗೋ ಮನಿಗೆ ಹೊಸ ಅಡಗಿ ಮನಿ ಯಾಕ?

ಈ ಸಂಚಿಕೆಯನ್ನು ನೀವು ಬಸ್‌ನಲ್ಲಿ ಕೇಳ್ತಿರಬಹುದು, ಪಿಜಿ ರೂಮಿನಲ್ಲಿ ಮ್ಯಾಗಿ ಮಾಡ್ತಾ ಕೇಳ್ತಿರಬಹುದು. ಒಂದು ನಿಮಿಷ ನಿಮ್ಮ ಊರಿನ ಹಳೇ ಮನೆಯ ಅಡುಗೆ ಮನೆಯನ್ನು ನೆನಪು ಮಾಡಿಕೊಳ್ಳಿ. ಕರ್ರಗಾದ ಗೋಡೆ, ಮೇಲೊಂದು ಬೆಳಕಿಂಡಿ, ಅದರಿಂದ ಇಳಿಯುವ ಒಂದು ಕೋಲು ಬಿಸಿಲು, ಆ ಬಿಸಿಲಿನಲ್ಲಿ ತೇಲುವ ಹೊಗೆ. ನೆನಪಾಯ್ತಾ? ಇವತ್ತು ಅದರ ಇತಿಹಾಸ.

ನಾನು ಓದಿದ್ದು ಬಿ.ಕಾಂ. ಹಿಸ್ಟರಿಗೂ ನನಗೂ ಸಂಬಂಧ ಬಂದಿದ್ದು ಒಂದು ಲೆಕ್ಕದಿಂದ. ಹೋದ ವರ್ಷ ನಮ್ಮ ಆಯಿ, ಅಂದರೆ ಅವ್ವನ ಅವ್ವ, ಹಳೇ ಬಾಗಲಕೋಟೆಯ ತನ್ನ ಮನೆಯ ಅಡಗಿ ಮನಿ ರಿಪೇರಿ ಮಾಡಿಸಬೇಕು ಅಂದಳು. ಗೌಂಡಿ ಬಂದು ನೋಡಿ ಹೇಳಿದ ಅಂದಾಜು 1 ಲಕ್ಷ 80 ಸಾವಿರ. ನಾನು ಮೊಬೈಲ್‌ನಲ್ಲಿ ಲೆಕ್ಕ ಹಾಕಿ ಹೇಳಿದೆ: "ಆಯಿ, ಈ ಮನಿ ಇವತ್ತಲ್ಲ ನಾಳೆ ಹಿನ್ನೀರಿಗೆ ಹೋಗೂದು. ಮುಳುಗೋ ಮನಿಗೆ ರೊಕ್ಕ ಸುರಿಯೂದು ಶುದ್ಧ ಲಾಸ್."

ಆಯಿ ರೊಟ್ಟಿ ಬಡಿಯೋದು ನಿಲ್ಲಿಸಲಿಲ್ಲ. "ನೀರ ಬರತೈತಿ ಅಂತ ನಾ ಇಪ್ಪತ್ತ ವರ್ಷದಿಂದ ಉಣ್ಣದ ಕುಂತೇನೇನೋ ತಮ್ಮಾ?" ಅಂದಳು.

ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೇ ಓದಲು ಶುರು ಮಾಡಿದೆ.

ಮೊದಲು ನೀರಿನ ಕಥೆ. ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ. ಕೃಷ್ಣಾ ಮೇಲ್ದಂಡೆ ಯೋಜನೆ ಅಂದರೆ ಬರದ ನಾಡಿಗೆ ನೀರು ಅನ್ನುವ ಕನಸು. ಆದರೆ ಅಣೆಕಟ್ಟಿನ ಹಿನ್ನೀರು ಘಟಪ್ರಭಾ ನದಿಯ ದಂಡೆಯಲ್ಲಿದ್ದ ಬಾಗಲಕೋಟೆಯ ಬಾಗಿಲಿಗೇ ಬರುತ್ತಿತ್ತು. 2000ದಲ್ಲಿ ಸುಪ್ರೀಂ ಕೋರ್ಟ್ 519.6 ಮೀಟರ್ ಮಟ್ಟಕ್ಕೆ ದಾರಿ ಮಾಡಿಕೊಟ್ಟಿತು. ತಗ್ಗಿನ ಓಣಿಗಳು ತೆರವಾದವು. ಜನ ನವನಗರಕ್ಕೆ ಬಂದರು: ಸೆಕ್ಟರ್ ನಂಬರು, ಸೈಟ್ ನಂಬರು, ಅಗಲ ರಸ್ತೆ. ನಮ್ಮ ಜಿಲ್ಲೆ ವಿಜಯಪುರದಿಂದ ಬೇರೆಯಾಗಿದ್ದು 1997ರಲ್ಲಿ, ನಾನು ಹುಟ್ಟಿದ್ದೂ ಅದೇ ವರ್ಷ. ಹಾಗಾಗಿ ನನಗೆ ಬಾಗಲಕೋಟೆ ಅಂದರೆ ನವನಗರವೇ.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2010ರ ಡಿಸೆಂಬರ್‌ನಲ್ಲಿ ಎರಡನೇ ಕೃಷ್ಣಾ ನ್ಯಾಯಮಂಡಳಿ ನೀರಿನ ಮಟ್ಟವನ್ನು 524.256 ಮೀಟರ್‌ಗೆ ಏರಿಸಲು ಒಪ್ಪಿತು. ಕಳೆಯಿರಿ: 4.656 ಮೀಟರ್, ಹೆಚ್ಚು ಕಡಿಮೆ 15 ಅಡಿ. ಆಯಿಯ ಅಡಗಿ ಮನಿಯ ಮಾಳಿಗೆ ಇರೋದು 9 ಅಡಿ ಎತ್ತರದಲ್ಲಿ. ಆಮೇಲೆ 2011ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಗೆಜೆಟ್‌ನಲ್ಲಿ ಪ್ರಕಟಿಸದಂತೆ ತಡೆಯಿತು. ಅಲ್ಲಿಂದ ಕಾಯುವಿಕೆ. ಈ ಕಾಯುವ ಕಾಲದಲ್ಲಿ ಮನುಷ್ಯ ಏನು ಮಾಡ್ತಾನೆ? ಮಗಳ ಮದುವೆ ಮಾಡ್ತಾನೆ, ಫ್ರಿಜ್ ಕೊಳ್ತಾನೆ, ಆದರೆ ಮನೆಗೆ ಒಂದು ಇಟ್ಟಂಗಿಯನ್ನೂ ಸೇರಿಸೋದಿಲ್ಲ. ಸೋರುವ ಮಾಳಿಗೆಗೆ ತಾಡಪತ್ರಿ ಹೊದಿಸಿ ಇನ್ನೊಂದು ಮಳೆಗಾಲ ಕಳೀತಾನೆ. ಎರಡು ದಶಕದ ತಾಡಪತ್ರಿ ಅಂದರೆ ಒಂದು ಪೂರ್ತಿ ಬಾಳುವೆ ಅದರ ಕೆಳಗೇ ಆಗಿಹೋಯ್ತು ಅಂತ ಅರ್ಥ.

ಈಗ ಅಡುಗೆ ಮನೆಯೊಳಗೆ ಹೋಗೋಣ. ಸಿನಿಮಾದಲ್ಲಿ ತೋರಿಸುವ ಕೆಂಪು ಇಟ್ಟಂಗಿಯ ಹಳೇ ಮನೆ ನಮ್ಮ ಕಡೆ ಕಡಿಮೆ. ಕಾಲಿಟ್ಟಲ್ಲಿ ಕಲ್ಲಿರುವ ಊರುಗಳಿವು. ಗೋಡೆ ಕಲ್ಲಿನದು, ಕಲ್ಲನ್ನು ಹಿಡಿದಿರೋದು ಮಣ್ಣು, ದಪ್ಪ ಎರಡು ಅಡಿಗೂ ಮಿಕ್ಕಿ. ಅದರ ಮೇಲೆ ತೊಲಿ, ತೊಲಿಯ ಮೇಲೆ ಜಂತಿ, ಅದರ ಮೇಲೆ ಕಡ್ಡಿ-ಸೊಪ್ಪು, ಎಲ್ಲಕ್ಕಿಂತ ಮೇಲೆ ಮಣ್ಣು. ಇದೇ ನಮ್ಮ ಮೇಲ್ಮುದ್ದಿ ಮನಿ. ಹೊರಗೆ 40 ಡಿಗ್ರಿ ಇದ್ದರೂ ಒಳಗೆ ತಂಪು. ಪಡಸಾಲಿಯಲ್ಲಿ ಜೋಳ ತುಂಬಿಡುವ ಹಗೇವು, ಹಿಂದೆ ಅಡಗಿ ಮನಿ, ಅದಕ್ಕೆ ಹೊಂದಿ ಬಚ್ಚಲ. ಅಡಗಿ ಮನಿಗೆ ಕಿಡಕಿ ಇಲ್ಲ, ಬೆಳಕಿಂಡಿ ಒಂದೇ.

ಮೊದಲು ನನಗೆ ಇದು ದಡ್ಡತನ ಅನ್ನಿಸಿತ್ತು. ಆಮೇಲೆ ಗೊತ್ತಾಯ್ತು, ಅದು ಹೊಗೆಯ ಲೆಕ್ಕ. ಬಿಸಿ ಹೊಗೆ ಮೇಲಕ್ಕೆ ಹೋಗುತ್ತೆ, ಬೆಳಕಿಂಡಿಯಿಂದ ಹೊರಬೀಳುತ್ತೆ. ಹೊರಬೀಳೋ ಮೊದಲು ಜಂತಿಗಳಿಗೆ ಮಸಿ ಹಿಡಿಸಿ ಹುಳ ಹತ್ತದಂತೆ ಮಾಡುತ್ತೆ. ಒಲಿ ನೆಲದ ಮೇಲೆ, ಅಡುಗೆ ಮಾಡುವವಳೂ ನೆಲದ ಮೇಲೆ, ಹೊಗೆ ಅವಳ ತಲೆಯ ಮೇಲೆ. ಮನೆ ಕಟ್ಟಿದವರು ಮರದ ಬಗ್ಗೆ ಚೆನ್ನಾಗಿ ಯೋಚಿಸಿದ್ದರು. ಊದುಗೊಳವಿ ಹಿಡಿದವಳ ಕಣ್ಣಿನ ಬಗ್ಗೆ ಅಷ್ಟು ಯೋಚಿಸಲಿಲ್ಲ. ಒಲೆಯ ಹೊಗೆಯಂಥ ಮನೆಯೊಳಗಿನ ಮಾಲಿನ್ಯದಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆಯಿಯ ಕೆಮ್ಮನ್ನು ನಾವೆಲ್ಲ "ವಯಸ್ಸಾಯ್ತು" ಅಂದುಕೊಂಡಿದ್ದೆವು.

ಇದನ್ನು ಸರಿಮಾಡಲು ಯಾರೂ ಪ್ರಯತ್ನ ಮಾಡಲಿಲ್ಲ ಅಂತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಅನ್ನುವ ಘಟಕ ಶುರುವಾಯ್ತು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಮಾಡೋದು ಅದರ ಕೆಲಸ. ಅಲ್ಲಿ ಹುಟ್ಟಿದ್ದೇ ಅಸ್ತ್ರ ಒಲೆ: ಒಂದೇ ಬೆಂಕಿಗೆ ಮೂರು ಪಾತ್ರೆ, ಹೊಗೆಗೆ ಕೊಳವೆ. 80ರ ದಶಕದಲ್ಲಿ ಕೇಂದ್ರ ಸರ್ಕಾರವೂ ಸುಧಾರಿತ ಒಲೆಯ ಕಾರ್ಯಕ್ರಮ ತಂದಿತು. 2016ರಲ್ಲಿ ಉಜ್ವಲ ಯೋಜನೆ ಬಂತು, ಗ್ಯಾಸ್ ಬಂತು. ಆದರೆ ಒಲೆ ಬದಲಾಯ್ತು, ಕೋಣೆ ಬದಲಾಗಲಿಲ್ಲ. ಇಲ್ಲೇ ಇರೋದು ನಮ್ಮ ಮನೆಯ ಕಥೆಯ ಗಂಟು.

ಎರಡು ವರ್ಷದ ಹಿಂದೆ, ಮಳೆಗಾಲದ ಒಂದು ಸಂಜೆ. ಆಯಿ ಗ್ಯಾಸ್ ಶೆಗಡಿಯನ್ನು ನೆಲದ ಮೇಲೇ ಇಟ್ಟುಕೊಂಡಿದ್ದಳು, ಒಲಿ ಇದ್ದ ಜಾಗದಲ್ಲೇ. ಕುಂತೇ ಅಡುಗೆ ಮಾಡಿ ರೂಢಿ. ಪೈಪ್ ಸವೆದಿತ್ತು, ಯಾರೂ ನೋಡಿರಲಿಲ್ಲ. ವಾಸನೆ ಬಂತು. ಕರೆಂಟ್ ಬಟನ್ ಹಾಕಲು ಕಾಕಾ ಕೈ ಎತ್ತಿದರು. ಅವ್ವ ಚೀರಿದಳು: "ಏ, ಬ್ಯಾಡೋ! ಮುಟ್ಟಬ್ಯಾಡ!" ರೆಗ್ಯುಲೇಟರ್ ಬಂದ್ ಮಾಡಿ, ಆಯಿಯನ್ನು ಕೈಹಿಡಿದು ಹೊರಗೆ ಕರ್ಕೊಂಡು ಬಂದೆವು. ಏನೂ ಆಗಲಿಲ್ಲ. ಆದರೆ ಬೆಳಕಿಂಡಿ ತೆರೆದೇ ಇದ್ದರೂ ಎಷ್ಟೋ ಹೊತ್ತು ವಾಸನೆ ಹೋಗಲಿಲ್ಲ. ಯಾಕೆ?

ಯಾಕಂದರೆ ಅಡುಗೆ ಅನಿಲ ಗಾಳಿಗಿಂತ ಭಾರ, ಒಂದೂವರೆಯಿಂದ ಎರಡು ಪಟ್ಟು. ಹೊಗೆ ಏರುತ್ತೆ, ಗ್ಯಾಸ್ ಇಳಿಯುತ್ತೆ. ಹೊಗೆಗೆ ಅಂತ ಕಟ್ಟಿದ ಕೋಣೆಯಲ್ಲಿ ಸೋರಿದ ಗ್ಯಾಸ್‌ಗೆ ಹೊರದಾರಿಯೇ ಇಲ್ಲ. ಅದು ನೆಲ ಹಿಡಿದು ಹರೀತದೆ, ತಗ್ಗು ಹುಡುಕ್ತದೆ. ನಮ್ಮ ಪಡಸಾಲಿಯ ತಗ್ಗು ಯಾವುದು? ಖಾಲಿ ಬಿದ್ದ ಹಗೇವು. ಅಜ್ಜನ ಕಾಲದಲ್ಲಿ ಜೋಳ ಉಳಿಸಿದ ಗುಂಡಿ ಈಗ ಗ್ಯಾಸ್ ತುಂಬಿಕೊಳ್ಳುವ ಗುಂಡಿ. ಇದು ತಲೆಗೆ ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗಾದರೆ ನಿಂತು ಅಡುಗೆ ಮಾಡುವ ಕಟ್ಟೆ ಎಲ್ಲಿಂದ ಬಂತು? ಇವತ್ತಿನ ಮಾಡ್ಯುಲರ್ ಕಿಚನ್‌ನ ಮುತ್ತಜ್ಜಿ ಅಂತ ಹೆಸರಾಗಿರೋದು 1926ರ ಫ್ರಾಂಕ್‌ಫರ್ಟ್ ಕಿಚನ್. ವಿನ್ಯಾಸ ಮಾಡಿದ್ದು ಮಾರ್ಗರೆಟೆ ಶುಟೆ-ಲಿಹೊಟ್ಸ್ಕಿ ಅನ್ನುವ ಆಸ್ಟ್ರಿಯಾದ ಆರ್ಕಿಟೆಕ್ಟ್. ಒಬ್ಬಳು ಹೆಂಗಸು ಎಷ್ಟು ಹೆಜ್ಜೆ ನಡೀತಾಳೆ, ಎಷ್ಟು ಸಲ ಕೈ ಚಾಚ್ತಾಳೆ ಅಂತ ಲೆಕ್ಕ ಹಾಕಿ ಕಟ್ಟಿದ ಪುಟ್ಟ ಅಡುಗೆ ಮನೆ. ಫ್ರಾಂಕ್‌ಫರ್ಟ್‌ನಲ್ಲಿ ಅಂಥವು ಸುಮಾರು 10 ಸಾವಿರ ಕಟ್ಟಿದರು. ಒಳ್ಳೇದೇ. ಆದರೆ ಆಕೆಯ ಲೆಕ್ಕದಲ್ಲಿ ಜೋಳದ ರೊಟ್ಟಿ ಇರಲಿಲ್ಲ. ರೊಟ್ಟಿ ಬಡಿಯಲು ಮೈಭಾರ ಅಂಗೈಗೆ ಇಳೀಬೇಕು. ಎದೆಮಟ್ಟದ ಕಟ್ಟೆಯ ಮೇಲೆ 20 ರೊಟ್ಟಿ ಬಡಿದು ನೋಡಿ, ಭುಜ ಹೇಳುತ್ತೆ. ಅವ್ವನಿಗೆ ಮೊಣಕಾಲು ನೋವು, ಕೂರಲು ಆಗಲ್ಲ. ಆಯಿಗೆ ನಿಂತು ಆಗಲ್ಲ. ಒಂದೇ ಅಡಗಿ ಮನಿ, ಎರಡು ಮೈ.

ಬೇರೆಯವರು ಏನು ಮಾಡಿದ್ದಾರೆ ನೋಡೋಣ ಅಂತ ಬೈಕ್ ತಗೊಂಡು ಹೊರಟೆ. ಬಾದಾಮಿಯಲ್ಲಿ ದೋಸ್ತ್‌ನ ಮನೆ, ಅಗಸ್ತ್ಯ ತೀರ್ಥದ ಹತ್ತಿರ. ಅವನ ಸಮಸ್ಯೆಯೇ ಬೇರೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. 2010ರ ತಿದ್ದುಪಡಿಯ ನಂತರ ಕಾನೂನು ಇನ್ನೂ ಬಿಗಿ. 100 ಮೀಟರ್ ಒಳಗೆ ಹೊಸದು ಕಟ್ಟುವಂತಿಲ್ಲ, ಇದ್ದದ್ದನ್ನು ರಿಪೇರಿ ಮಾಡಲೂ ಪರವಾನಗಿ ಬೇಕು. ಬಾದಾಮಿಯ ಮೂರನೇ ಗುಹೆಯಲ್ಲಿ ಮಂಗಳೇಶನ ಶಾಸನ ಇದೆ, ಕ್ರಿ.ಶ. 578ರದ್ದು. ಆ ಗುಹೆಯ ಕಾಲ ನಮಗೆ ಪಕ್ಕಾ ಗೊತ್ತು. ದೋಸ್ತ್‌ನ ಮನೆಯ ಒಲೆಗೆ ಎಷ್ಟು ವಯಸ್ಸು ಅಂತ ಯಾರೂ ಬರೆದಿಟ್ಟಿಲ್ಲ.

ಹುನಗುಂದದ ಕಡೆ ಹೋದಾಗ ಕೂಡಲಸಂಗಮಕ್ಕೂ ಹೋದೆ. ಹಿನ್ನೀರು ಅಲ್ಲಿಗೂ ಬಂದಿದೆ. ಆದರೆ ಬಸವಣ್ಣನವರ ಐಕ್ಯ ಮಂಟಪದ ಸುತ್ತ ಬಾವಿಯಂಥ ಗೋಡೆ ಎಬ್ಬಿಸಿ ನೀರಿನಿಂದ ಕಾಪಾಡಿದ್ದಾರೆ. ಮೆಟ್ಟಿಲು ಇಳಿದು ಹೋಗಿ ನೋಡಬಹುದು. ಕಾಪಾಡಲೇಬೇಕಿತ್ತು, ಕಾಪಾಡಿದರು. ನನ್ನ ದೂರು ಅದಲ್ಲ. ಆ ಮೆಟ್ಟಿಲ ಮೇಲೆ ಕೂತಾಗ ಅನ್ನಿಸಿದ್ದು ಇಷ್ಟೇ: ಮುಳುಗಿದ ಸಾವಿರಾರು ಅಡುಗೆ ಮನೆಗಳ ಒಂದು ಅಳತೆ, ಒಂದು ನಕ್ಷೆಯಾದರೂ ನಮ್ಮ ಮನೆಗಳಲ್ಲಿ ಉಳೀಬೇಕಿತ್ತು. ಪರಿಹಾರದ ಕಾಗದದಲ್ಲಿ ಮನೆಯ ಚದರ ಅಡಿ ಇರುತ್ತೆ, ಒಲೆ ಯಾವ ಮೂಲೆಗಿತ್ತು ಅನ್ನೋದು ಇರಲ್ಲ.

ಇಳಕಲ್‌ಗೆ ಹೋಗಿದ್ದು ಕಲ್ಲಿಗೆ. ಇಳಕಲ್ಲಿನ ಕೆಂಪು ಗ್ರಾನೈಟ್ ವಿದೇಶಕ್ಕೆಲ್ಲ ಹೋಗುತ್ತೆ. ಆಯಿಯ ಮನೆಯಲ್ಲಿ ಮಾತ್ರ ಶಹಾಬಾದ ಪರಸಿ. ಅಲ್ಲೊಂದು ನೇಕಾರರ ಮನೆಯಲ್ಲಿ ಚಾ ಕುಡಿಯುವಾಗ ಮಗ್ಗ ನೋಡಿದೆ. ಇಳಕಲ್ ಸೀರೆಯ ಮೈ ಬೇರೆ, ಸೆರಗು ಬೇರೆ. ಹತ್ತಿಯದೋ ರೇಷ್ಮೆಯದೋ ಮೈಯ ಹಾಸನ್ನು ಸೆರಗಿನ ರೇಷ್ಮೆ ಹಾಸಿಗೆ ಎಳೆ ಎಳೆಯಾಗಿ ಕುಣಿಕೆ ಹಾಕಿ ಜೋಡಿಸ್ತಾರೆ. ಅದಕ್ಕೆ ಕೊಂಡಿ ಅಂತಾರೆ. ಕೊಂಡಿ ಸರಿ ಬೀಳದಿದ್ದರೆ ಸೀರೆ ಅಲ್ಲೇ ಕಿತ್ತು ಬರುತ್ತೆ. ಹಳೇ ಮನೆಗೆ ಹೊಸ ಕಟ್ಟೆ ಕೂರಿಸೋದೂ ಅದೇ ಕೆಲಸ ಅಂತ ನಮ್ಮ ಗೌಂಡಿ ಆಮೇಲೆ ತೋರಿಸಿಕೊಟ್ಟರು.

ಹಳೇ ಮನೆ ಇರುವವರು ಇದನ್ನು ಸ್ವಲ್ಪ ಗಮನ ಕೊಟ್ಟು ಕೇಳಿ. ಒಂದು: ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವು ಬೇಡ ಅಂದರು ಅವರು. ಗೋಡೆಯೊಳಗಿನ ತೇವ ಹೊರಬರಲು ದಾರಿ ಸಿಗದೆ ಒಳಗೇ ಮಣ್ಣು ಮೆತ್ತಗಾಗುತ್ತೆ. ಸುಣ್ಣದ ಗಿಲಾವು ಉಸಿರಾಡುತ್ತೆ. ಎರಡು: ಕಿಡಕಿ ಒಡೆಯುವ ಮೊದಲು ತೊಲಿ ಯಾವ ಗೋಡೆಯ ಮೇಲೆ ಕೂತಿದೆ ನೋಡಬೇಕು. ಆ ಗೋಡೆ ಮುಟ್ಟಬಾರದು. ಮೂರು: ಸಿಂಕ್ ಬಚ್ಚಲದ ಕಡೆಗೇ ಇರಲಿ. ಪೈಪಿನಿಂದ ಹನಿ ಹನಿ ಸೋರಿದರೆ ಮಣ್ಣಿನ ಗೋಡೆ ಬುಡದಿಂದಲೇ ಕುಸೀತದೆ. ನಾಲ್ಕು: ಹೊಗೆ ನಿಂತಿತು ಅಂದರೆ ಜಂತಿಗೆ ಇದ್ದ ಕಾವಲು ಹೋಯ್ತು, ಮರಕ್ಕೆ ಹುಳದ ಔಷಧಿ ಹೊಡೀಬೇಕು. ಐದು: ನೆಲಮಟ್ಟದಲ್ಲಿ, ಹೊರಗಿನ ಗೋಡೆಗೆ ಜಾಳಿಗೆಯ ಕಿಂಡಿ ಬೇಕು. ಸಿಲಿಂಡರ್ ನೆಲದ ಮೇಲೆ, ಶೆಗಡಿ ಅದಕ್ಕಿಂತ ಎತ್ತರದಲ್ಲಿ. ಗ್ಯಾಸ್ ವಾಸನೆ ಬಂದರೆ ಯಾವ ಬಟನ್ನೂ ಮುಟ್ಟದೆ, ರೆಗ್ಯುಲೇಟರ್ ಬಂದ್ ಮಾಡಿ, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಕೊನೆಗೆ ಏನಾಯ್ತು? ಗೋಡೆಗೆ ಒಂದು ಎತ್ತರದ ಕಟ್ಟೆ, ಅವ್ವನಿಗೆ. ಅದರ ಪಕ್ಕ ಮೊಣಕಾಲೆತ್ತರದ ಕಟ್ಟೆಯ ಮೇಲೆ ಎರಡನೇ ಶೆಗಡಿ, ಆಯಿಗೆ ಅದರ ಮುಂದೆ ಒಂದು ಮಣೆ. ಹಗೇವಿಗೆ ಮಣ್ಣು ತುಂಬಿ ಪರಸಿ ಮುಚ್ಚಿದೆವು. ಆ ದಿನ ಆಯಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಎರಡೂ ಕಟ್ಟೆಗೆ ಇಳಕಲ್ ಕಲ್ಲು, ಆದರೆ ಗೋಡೆಗೆ ಕೊರೆದು ಕೂರಿಸಿಲ್ಲ, ಬೇರೆ ಕಾಲಿನ ಮೇಲೆ ನಿಲ್ಲಿಸಿದ್ದಾರೆ. ನಾಳೆ ನೀರು ಬಂದರೆ ಬಿಚ್ಚಿಕೊಂಡು ಹೋಗಬಹುದು. ಆ ಐಡಿಯಾ ಯಾರದ್ದು ಅಂತೀರಿ? ಆಯಿಯದು. "ಮನಿ ಅವರ ತಗೋಲಿ, ಕಟ್ಟಿ ನಂದು" ಅಂದಳು. ಒಟ್ಟು ಖರ್ಚು 1 ಲಕ್ಷ 60 ಸಾವಿರ ಚಿಲ್ಲರೆ.

2025ರ ಸೆಪ್ಟೆಂಬರ್‌ನಲ್ಲಿ ಮುಳುಗಡೆ ಜಮೀನಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಭೂಮಿಯಾದರೆ 30 ಲಕ್ಷ ಅಂತ ರಾಜ್ಯ ಸಂಪುಟ ತೀರ್ಮಾನ ಮಾಡಿತು. ಆ ಸುದ್ದಿಯನ್ನು ಫೋನಿನಲ್ಲಿ ಓದಿ ಹೇಳಿದಾಗ ಆಯಿ ಹೊಸ ಕಟ್ಟೆಯ ಮುಂದೆ ಕೂತು ರೊಟ್ಟಿ ಬಡೀತಿದ್ದಳು. ಹೊಗೆ ಇಲ್ಲ, ಕೆಮ್ಮು ಕಡಿಮೆ.

ನನ್ನ ಅಕೌಂಟ್ಸ್ ಲೆಕ್ಕದಲ್ಲಿ ಈ ಖರ್ಚು ಇವತ್ತಿಗೂ ಲಾಸೇ. ಆದರೆ ನಾನು ಒಂದು ಕಾಲಂ ಬಿಟ್ಟಿದ್ದೆ: ಬಳಸಿದ ದಿನಗಳು. ಐದು ವರ್ಷ ಸಿಕ್ಕರೂ 1,800ಕ್ಕೂ ಹೆಚ್ಚು ದಿನದ ಬಿಸಿ ರೊಟ್ಟಿ. ಭಾಗಿಸಿ ನೋಡಿ, ದಿನಕ್ಕೆ 90 ರೂಪಾಯಿಯೂ ಬೀಳಲ್ಲ.

ಈ ವಾರ ನಿಮಗೊಂದು ಕೆಲಸ. ಊರಿಗೆ ಹೋದಾಗ ಮೊಬೈಲ್ ತೆಗೆದು ನಿಮ್ಮ ಹಳೇ ಅಡುಗೆ ಮನೆಯ ನಾಲ್ಕು ಗೋಡೆಯ ಫೋಟೋ ತೆಗೀರಿ, ಅಳತೆ ಬರೆದಿಡಿ, ಒಲೆ ಎಲ್ಲಿತ್ತು ಅಂತ ಅಜ್ಜಿಯನ್ನು ಕೇಳಿ. ಹಂಗ ಗ್ಯಾಸ್ ಪೈಪ್ ಸವೆದೈತೇನು ಅಂತಾನೂ ನೋಡ್ರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಬರ್ತೇನ್ರಿ, ಶರಣು.