ಲಂಡನ್ ನಗರದ ಧೂಮವೂ ದಿಗ್ವಿಭಾಗವೂ

ನಗರವು ಬೆಳೆದಂತೆ ಅದರ ವಾಯುವು ಕೆಡುವುದೆಂಬುದು ಸರ್ವವಿದಿತ. ಆದರೆ ಆ ಕೇಡು ನಿವಾಸಿಗಳೆಲ್ಲರಿಗೂ ಸಮವಾಗಿ ತಟ್ಟುವುದೆ? ಇಲ್ಲವಾದಲ್ಲಿ ಆ ವೈಷಮ್ಯಕ್ಕೆ ಪ್ರಕೃತಿಯು ಕಾರಣವೋ, ಮನುಷ್ಯರು ಮಾಡಿದ ವ್ಯವಸ್ಥೆಯು ಕಾರಣವೋ? ಈ ವಿಚಾರಕ್ಕೆ ಲಂಡನ್ ನಗರದ ಚರಿತ್ರೆಯು ಉತ್ತಮ ನಿದರ್ಶನವಾಗಿದೆ.

ಹಡಗುಗಳಲ್ಲಿ ಬರುತ್ತಿದ್ದ ಕಲ್ಲಿದ್ದಲನ್ನು ಗೂಡುಗಳಲ್ಲಿ ಉರಿಸಕೂಡದೆಂದು 1307 ರಲ್ಲಿಯೇ ಅಲ್ಲಿ ರಾಜಾಜ್ಞೆಯು ಹೊರಟಿತ್ತು. ಆದರೂ ಬಳಕೆಯು ನಿಲ್ಲಲಿಲ್ಲ. 1600 ರ ಸುಮಾರಿಗೆ ಎರಡು ಲಕ್ಷದಷ್ಟಿದ್ದ ಜನಸಂಖ್ಯೆಯು 1801 ರ ಗಣತಿಯ ವೇಳೆಗೆ ಹತ್ತು ಲಕ್ಷವನ್ನು ಸಮೀಪಿಸಿತು. ಈ ನಡುವೆ 1661 ರಲ್ಲಿ ಜಾನ್ ಈವ್ಲಿನ್ ಎಂಬ ವಿದ್ವಾಂಸನು ಎರಡನೆಯ ಚಾರ್ಲ್ಸ್ ದೊರೆಗೆ ಒಂದು ವಿಜ್ಞಾಪನಗ್ರಂಥವನ್ನು ಒಪ್ಪಿಸಿದನು. ಸುಣ್ಣ ಸುಡುವವರು, ಬಣ್ಣಗಾರರು, ಸಾಬೂನು ಕಾಯಿಸುವವರು ಮೊದಲಾದವರನ್ನು ಥೇಮ್ಸ್ ನದಿಯ ಕೆಳಭಾಗಕ್ಕೆ, ಎಂದರೆ ಪೂರ್ವಕ್ಕೆ, ಕೆಲವು ಮೈಲಿಗಳಾಚೆ ಕಳುಹಿಸಬೇಕೆಂಬುದು ಅವನ ಸೂಚನೆ. ಮರುವರ್ಷವೇ ವಿಲಿಯಂ ಪೆಟ್ಟಿಯು, ವರ್ಷದ ಬಹುಭಾಗ ಗಾಳಿಯು ಪಶ್ಚಿಮದಿಂದ ಬೀಸುವ ಕಾರಣ ಸಿರಿವಂತರ ಮಂದಿರಗಳು ಪಶ್ಚಿಮಕ್ಕೇ ಸರಿಯುವುವೆಂದು ಬರೆದನು. ಇಬ್ಬರ ಮಾತುಗಳನ್ನೂ ಜೊತೆಗಿರಿಸಿ ನೋಡಿದರೆ ಮುಂದಿನ ನಗರದ ನಕ್ಷೆಯೇ ಕಾಣುತ್ತದೆ.

ಅಗ್ನಿಜೀವಿಗಳನ್ನು ಒಂದೆಡೆ ನೆಲಸುವಂತೆ ಮಾಡಬೇಕೆಂದು ಕೌಟಿಲ್ಯನೂ ವಿಧಿಸಿದ್ದಾನೆ. ಆದರೆ ಆ ಪ್ರಕರಣವು ಬೆಂಕಿಯ ಭಯವನ್ನು ಕುರಿತದ್ದು. ಅದರಲ್ಲಿ ವಾಯುಶುದ್ಧಿಯ ಚಿಂತೆಯನ್ನು ಆರೋಪಿಸುವುದು ಯುಕ್ತವಲ್ಲ. ಅಪಾಯವನ್ನು ತಗ್ಗಿಸುವುದಕ್ಕಿಂತ ಒಂದು ಕೇರಿಗೆ ಒಪ್ಪಿಸುವುದು ಆಳುವವರಿಗೆ ಸುಲಭವೆಂಬ ಅಂಶ ಮಾತ್ರ ಎರಡೆಡೆಯೂ ಸಮಾನ.

1844 ರ ಕಟ್ಟಡ ಶಾಸನವು ರಾಜಧಾನಿಯಲ್ಲಿ ದುರ್ಗಂಧಕರ ಉದ್ಯಮಗಳನ್ನು ನಿರ್ಬಂಧಿಸಿತು. ಆ ಶಾಸನವು ಲೀ ನದಿಯಾಚೆಯ ವೆಸ್ಟ್ ಹ್ಯಾಮ್ ಪ್ರದೇಶಕ್ಕೆ ಅನ್ವಯಿಸದಿದ್ದುದರಿಂದ ಅನೇಕ ಕಾರ್ಖಾನೆಗಳು ಅಲ್ಲಿಗೆ ಹೋದವು, ಕೂಲಿಕಾರರೂ ಹಿಂಬಾಲಿಸಿದರು. 1851 ರಲ್ಲಿ ಹತ್ತೊಂಬತ್ತು ಸಾವಿರದಷ್ಟಿದ್ದ ಅಲ್ಲಿಯ ಜನರು 1901 ರಲ್ಲಿ ಎರಡು ಲಕ್ಷ ಅರುವತ್ತೇಳು ಸಾವಿರವಾದರು. ಗಾಳಿಯ ದಿಕ್ಕು ದೈವದತ್ತವೇ ಸರಿ. ಆದರೆ ಚಿಮಣಿಯ ಸ್ಥಾನವನ್ನೂ ಶಾಸನದ ಎಲ್ಲೆಯನ್ನೂ ಗೊತ್ತುಮಾಡಿದವರು ಮನುಷ್ಯರು.

1952 ರ ಡಿಸೆಂಬರ್ 5 ರಿಂದ 9 ರವರೆಗೆ ಗಾಳಿಯೇ ನಿಂತುಹೋಗಲು, ಹೊಗೆಮಂಜು ನಗರವನ್ನೆಲ್ಲ ಕವಿಯಿತು. ಸುಮಾರು ನಾಲ್ಕು ಸಾವಿರ ಜನರು ಸತ್ತರೆಂದು ಆಗ ಎಣಿಸಿದರು. ಈಚಿನ ಗಣನೆಯು ಹನ್ನೆರಡು ಸಾವಿರದವರೆಗೂ ಹೋಗುತ್ತದೆ. ಪೂರ್ವದವರು ತಲೆಮಾರುಗಳಿಂದ ಉಸಿರಾಡಿದ್ದನ್ನು ಪಶ್ಚಿಮದವರೂ ಆಗ ಉಸಿರಾಡಿದರು. 1956 ರಲ್ಲಿ ಶುದ್ಧವಾಯು ಶಾಸನವು ಹುಟ್ಟಿತು. ಮನೆಯ ಒಲೆಗಳನ್ನು ಬದಲಿಸಲು ಸಾರ್ವಜನಿಕ ಧನಸಹಾಯವನ್ನೂ ಅದು ಕಲ್ಪಿಸಿದ್ದು ಗಮನಾರ್ಹ. ಬಡವನಿಗೆ ನಿಷೇಧವೊಂದೇ ಸಾಲದಷ್ಟೆ.

ಇಂಗ್ಲೆಂಡಿನ ಎಪ್ಪತ್ತು ನಗರಗಳ ಹಳೆಯ ಚಿಮಣಿಗಳನ್ನು 1881 ರ ಗಣತಿಯೊಡನೆ ಹೋಲಿಸಿದ ಈಚಿನ ಸಂಶೋಧಕರು, ಹೊಗೆಯು ಬೀಳುತ್ತಿದ್ದ ಕೇರಿಗಳಲ್ಲಿಯೇ ಬಡವರು ನೆಲಸಿದ್ದರೆಂದೂ ಹೊಗೆಯು ಅಡಗಿದ ಮೇಲೆಯೂ ಆ ಭೇದದ ಶೇಷವು ಉಳಿದಿದೆಯೆಂದೂ ತೋರಿಸಿದ್ದಾರೆ. ಆದುದರಿಂದ ವಾಯುವನ್ನು ತೊಳೆದ ಮಾತ್ರಕ್ಕೆ ನಗರದ ವೈಷಮ್ಯವು ತೊಳೆಯಲ್ಪಡದು. ಅಂತೆಯೇ, ನಗರದ ಚರಿತ್ರೆಯನ್ನು ಬರೆಯುವವರು ಅರಮನೆ ಬೀದಿಗಳೊಡನೆ ಗಾಳಿಯ ದಿಕ್ಕನ್ನೂ ಪರಿಶೀಲಿಸತಕ್ಕದ್ದು.