ಠರಾವು: ಮಾತು ಬಂದು ನಿಲ್ಲುವ ಜಾಗ

ದೇವಾಪುರದ ಕಡೆ ಪಂಚಾಯ್ತಿ ಮೀಟಿಂಗು ಮುಗಿಸಿ ಹೊರಬಂದ ಮೆಂಬರರಿಗೆ ಕಟ್ಟೆಯ ಮೇಲೆ ಕೂತವರು ಕೇಳುವುದು ಒಂದೇ ಮಾತು: ‘ಠರಾವು ಆಯ್ತೇನ್ರಿ?’ ನೀರಿನ ಟಾಕಿಯ ಮಾತಿರಲಿ, ಓಣಿಯ ಸಿ.ಸಿ. ರಸ್ತೆಯದಿರಲಿ, ಮನೆ ಹಂಚಿಕೆಯ ಪಟ್ಟಿಯಿರಲಿ, ಠರಾವು ಆಯಿತೆಂದರೆ ಕೆಲಸಕ್ಕೆ ಕಾಲು ಬಂದಂತೆ. ಆಗದಿದ್ದರೆ ಮುಂದಿನ ಮೀಟಿಂಗಿನ ತನಕ ದಾರಿ ಕಾಯಬೇಕು. ಕಾಯ್ದೆಯ ಕನ್ನಡ ಇದನ್ನು ‘ನಿರ್ಣಯ’ ಎನ್ನುತ್ತದೆ, ಪತ್ರಿಕೆಯವರು ಒಮ್ಮೊಮ್ಮೆ ‘ಗೊತ್ತುವಳಿ’ ಎಂದು ಬರೆಯುತ್ತಾರೆ. ಸುರಪುರ, ಶಹಾಪುರ ಸೀಮೆಯ ಸಗರನಾಡಿನ ಬಾಯಿಗೆ ಮಾತ್ರ ಅದು ಠರಾವೇ. ಅವಸರದಲ್ಲಿ ‘ಟರಾವ’ ಎಂದೂ ಆಗುತ್ತದೆ, ಮಹಾಪ್ರಾಣದ ಹಂಗು ನಮ್ಮ ಆಡುಮಾತಿಗೆ ಅಷ್ಟಾಗಿ ಇಲ್ಲ.

ಪದ ಬಂದದ್ದು ಮರಾಠಿಯಿಂದ. ಅಲ್ಲಿ ‘ಠರಣೆ’ ಎಂದರೆ ನಿಶ್ಚಯವಾಗುವುದು, ಒಂದು ಕಡೆ ನೆಲೆಗೊಳ್ಳುವುದು. ಲಗ್ನ ಠರುತ್ತದೆ, ಧಾರಣೆ ಠರುತ್ತದೆ, ಸಭೆಯಲ್ಲಿ ಮಾತು ಠರುತ್ತದೆ. ಹಾಗೆ ಠರಿದದ್ದು ‘ಠರಾವ’. ಹಿಂದಿಯ ‘ಠಹರ್‌ನಾ’ ಇದರ ಹತ್ತಿರದ ಬಂಧು, ಅದರ ನೇರ ಅರ್ಥ ನಿಲ್ಲುವುದು, ತಂಗುವುದು. ಗುಜರಾತಿಯಲ್ಲೂ ಸಭೆಯ ನಿರ್ಣಯಕ್ಕೆ ‘ಠರಾವ್’ ಎಂದೇ ಹೆಸರು. ಅಲ್ಲಿ ಇದೇ ಕ್ರಿಯಾಪದಕ್ಕೆ ಆರಿ ತಣ್ಣಗಾಗುವುದು, ಹೆಪ್ಪುಗಟ್ಟುವುದು ಎಂಬ ಅರ್ಥವೂ ಇದೆ. ಕಾವೇರಿದ ಮಾತು ಆರಿ ಗಟ್ಟಿಯಾದರೆ ಠರಾವು. ಈ ಅರ್ಥವನ್ನು ಕನ್ನಡ ತೆಗೆದುಕೊಳ್ಳಲಿಲ್ಲವಲ್ಲ ಎಂದು ನನಗೆ ಅನಿಸುವುದುಂಟು. ಕನ್ನಡ ತೆಗೆದುಕೊಂಡದ್ದು ನಾಮಪದವನ್ನು, ಅದರ ಜೊತೆಗೆ ತನ್ನದೇ ಒಂದು ಕ್ರಿಯಾಪದವನ್ನೂ ಕಟ್ಟಿಕೊಂಡಿತು: ಠರಾಯಿಸು. ‘ಸಭೆಯು ಠರಾಯಿಸಿದೆ’ ಎಂಬ ವಾಕ್ಯ ಉತ್ತರ ಕರ್ನಾಟಕದ ಹಳೆಯ ದಫ್ತರುಗಳಲ್ಲಿ, ಸಂಘ ಸಂಸ್ಥೆಗಳ ಪುಸ್ತಕಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ.

ಕನ್ನಡದಲ್ಲಿ ‘ಠ’ದಿಂದ ಶುರುವಾಗುವ ಮಾತುಗಳೇ ಕಡಿಮೆ. ಇರುವವುಗಳಲ್ಲಿ ಹೆಚ್ಚಿನವು ಬಡಗಣದಿಂದ ಬಂದವು, ಅವುಗಳಲ್ಲಿ ಎಷ್ಟೋ ಮಾತುಗಳಿಗೆ ಇರುವುದು, ಇಡುವುದು, ನಿಲ್ಲುವುದೇ ಕಸುಬು. ಸಂಸ್ಕೃತದ ‘ಸ್ಥಾನ’ ಪ್ರಾಕೃತದ ಬಾಯಲ್ಲಿ ‘ಠಾಣ’ವಾಗಿ ನಮ್ಮ ಪೊಲೀಸ್ ಠಾಣೆಯಾಯಿತು. ಬ್ಯಾಂಕಿನಲ್ಲಿ ಇಟ್ಟದ್ದು ಠೇವಣಿ. ಉಳಿದುಕೊಳ್ಳುವ ಜಾಗ ಠಿಕಾಣಿ. ‘ಠರಣೆ’ಯ ವಂಶಾವಳಿಯನ್ನು ಪಂಡಿತರು ಹೇಗೇ ಬರೆಯಲಿ, ಠರಾವು ಇದೇ ಓಣಿಯಲ್ಲಿ ಮನೆ ಮಾಡಿಕೊಂಡಿದೆ.

ಮರಾಠಿಯ ಮಾತು ನಿಜಾಮರ ಸೀಮೆಯ ಈ ಮೂಲೆಗೆ ಹೇಗೆ ಬಂತು? ಸುರಪುರ ಸಂಸ್ಥಾನ ರಾಜಾ ವೆಂಕಟಪ್ಪ ನಾಯಕರೊಂದಿಗೆ 1858ರಲ್ಲಿ ಬಿತ್ತು, 1860ರಲ್ಲಿ ಬ್ರಿಟಿಷರು ಅದನ್ನು ನಿಜಾಮರಿಗೆ ಒಪ್ಪಿಸಿದರು. ಹೈದರಾಬಾದಿನ ಕಚೇರಿಗಳಲ್ಲಿ ಮೊದಲು ಫಾರಸಿ ಇತ್ತು, 1880ರ ದಶಕದಲ್ಲಿ ಅದರ ಜಾಗಕ್ಕೆ ಉರ್ದು ಬಂತು. ಊರೊಳಗೆ ಮಾಲಿಪಾಟೀಲ, ಪೊಲೀಸ್‌ಪಾಟೀಲ, ಪಟವಾರಿ. ಈ ಹುದ್ದೆಗಳಲ್ಲಿ ಮೊದಲ ಎರಡು ಇಂದಿಗೂ ನಮ್ಮ ಮಂದಿಯ ಅಡ್ಡಹೆಸರಾಗಿ ಉಳಿದಿವೆ. ಇತ್ತ ಪಡುವಣಕ್ಕೆ, ತಾಳಿಕೋಟೆ, ಮುದ್ದೇಬಿಹಾಳದಿಂದ ಆಚೆ, ಮುಂಬೈ ಪ್ರಾಂತದ ಆಳ್ವಿಕೆ. ಅಲ್ಲಿ ಮುನಸಿಪಾಲಿಟಿ, ಲೋಕಲ್ ಬೋರ್ಡುಗಳು ಬೇಗ ಬಂದವು. ಭಾರತದ ಸ್ಥಳೀಯ ಆಡಳಿತಕ್ಕೆ ತಳಪಾಯ ಎಂದು ಹೆಸರಾದ ಲಾರ್ಡ್ ರಿಪನ್ನರ 18 ಮೇ 1882ರ ದಸ್ತಾವೇಜೇ ಒಂದು ಠರಾವು, ಸರ್ಕಾರದ ಠರಾವು. ಆ ಬೋರ್ಡುಗಳ ಮೀಟಿಂಗುಗಳಲ್ಲಿ ಧಾರವಾಡ, ಬೆಳಗಾವಿ, ವಿಜಯಪುರದ ಕನ್ನಡಿಗರ ನಾಲಿಗೆಗೆ ಈ ಪದ ಹತ್ತಿತು. ಬೀಗತನ, ಸಂತೆ, ಶಾಲೆ ಮಾಸ್ತರರು, ಹುಬ್ಬಳ್ಳಿಯ ಪತ್ರಿಕೆಗಳು ಇವುಗಳ ಜೊತೆ ಅದು ಗಡಿ ದಾಟಿ ಬಂದಿರಬೇಕೆಂಬುದು ನನ್ನ ಎಣಿಕೆ. ಮರಾಠಿ ಬಲ್ಲ ಕುಲಕರ್ಣಿ ಮನೆತನಗಳು ಇಲ್ಲೂ ಇದ್ದವು, ಹಾಗಾಗಿ ಪದಕ್ಕೆ ಇಳಿದುಕೊಳ್ಳಲು ಮನೆ ಸಿದ್ಧವಿತ್ತು.

ಉರ್ದುವಿನ ಕಚೇರಿಗೂ ತನ್ನದೊಂದು ಮಾತಿತ್ತು: ‘ಕರಾರ್‌ದಾದ್’. ಸಭೆಯ ನಿರ್ಣಯಕ್ಕೆ ಉರ್ದುವಿನಲ್ಲಿ ಇಂದಿಗೂ ಅದೇ ಪದ. ಅದರ ಬೇರು ಅರಬ್ಬಿಯ ‘ಕರಾರ್’, ನೆಲೆಗೊಳ್ಳುವುದು, ಅಲುಗಾಡದೆ ಇರುವುದು. ಕನ್ನಡ ಆ ‘ಕರಾರ’ನ್ನು ಬಹಳ ಹಿಂದೆಯೇ ಒಳಗೆ ಕರೆದುಕೊಂಡಿತ್ತು, ಆದರೆ ಬೇರೆ ಕೆಲಸಕ್ಕೆ ಹಚ್ಚಿತು: ಇಬ್ಬರ ನಡುವಿನ ಒಪ್ಪಂದ ಕರಾರು, ಅದನ್ನು ಬರೆದ ಕಾಗದ ಕರಾರುಪತ್ರ. ‘ಕರಾರುವಾಕ್ಕು’ ಎಂಬ ಮಾತೂ ಇದೇ ಮನೆಯದು. ಹೀಗೆ ಇಬ್ಬರ ನಡುವೆ ನೆಲೆಗೊಂಡದ್ದು ಕರಾರಾಯಿತು, ಹತ್ತು ಜನ ಕೂಡಿ ನೆಲೆಗೊಳಿಸಿದ್ದು ಠರಾವಾಯಿತು. ಅರಬ್ಬಿಯಿಂದ ಬಂದದ್ದೂ ಮರಾಠಿಯಿಂದ ಬಂದದ್ದೂ ಜಗಳವಿಲ್ಲದೆ ಕೆಲಸ ಹಂಚಿಕೊಂಡವು.

ಇನ್ನು ಅಚ್ಚಗನ್ನಡದ ಗೊತ್ತುವಳಿ. ಇವತ್ತು ‘ಗೊತ್ತದ’ ಎಂದರೆ ತಿಳಿದಿದೆ ಎಂದಷ್ಟೇ ಅರ್ಥ. ಆದರೆ ‘ಗೊತ್ತುಗುರಿ ಇಲ್ಲದವನು’ ಎನ್ನುವಾಗ ಗೊತ್ತು ಎಂದರೆ ನೆಲೆ, ನಿಂತ ಜಾಗ. ‘ಮದುವೆಗೆ ದಿನ ಗೊತ್ತು ಮಾಡಿದರು’ ಎನ್ನುವಾಗಲೂ ಅಷ್ಟೇ, ದಿನವನ್ನು ಒಂದು ಜಾಗದಲ್ಲಿ ನಿಲ್ಲಿಸಿದರು. ನೆಲೆಯಿಂದ ನಿಶ್ಚಯಕ್ಕೆ, ನಿಶ್ಚಯದಿಂದ ತಿಳಿವಿಗೆ ಈ ಪದ ನಡೆದುಬಂದಿದೆ. ಅದಕ್ಕೆ ಸಾಗುವಳಿ, ಹಿಡುವಳಿ, ಹುಟ್ಟುವಳಿಗಳ ‘ವಳಿ’ ಸೇರಿ ಗೊತ್ತುವಳಿಯಾಯಿತು. ಅರಬ್ಬಿ, ಮರಾಠಿ, ಕನ್ನಡ ಮೂರೂ ಬೇರೆ ಬೇರೆ ಕುಲದ ನುಡಿಗಳು. ಮೂರಕ್ಕೂ ಸಭೆಯ ತೀರ್ಮಾನ ಕಂಡದ್ದು ಒಂದೇ ಬಗೆಯಲ್ಲಿ: ಅಲೆದಾಡುತ್ತಿದ್ದ ಮಾತು ಒಂದು ಕಡೆ ಬಂದು ನಿಂತಿತು.

ಇನ್ನೂ ಹಿಂದಕ್ಕೆ ಹೋದರೆ ಇದೇ ಅರ್ಥದ ಇನ್ನೊಂದು ಮಾತು ಕಲ್ಲಿನ ಮೇಲೇ ಇದೆ. ಲಕ್ಷ್ಮೇಶ್ವರದಲ್ಲಿ, ಆಗಿನ ಪುಲಿಗೆರೆಯಲ್ಲಿ, ಎಂಟನೆಯ ಶತಮಾನದ ಮೊದಲ ಭಾಗದ ಒಂದು ಶಾಸನವಿದೆ. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಅಲ್ಲಿನ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ, ಎಂದರೆ ಪ್ರಜಾವರ್ಗಗಳಿಗೂ, ಮಾಡಿಕೊಟ್ಟ ‘ಆಚಾರವ್ಯವಸ್ಥೆ’ ಅದು. ಅರಸನ ಅಧಿಕಾರಿಗಳು ಊರವರೊಂದಿಗೆ ಹೇಗೆ ನಡೆದುಕೊಳ್ಳಬೇಕು, ಯಾವ ಮನೆಯವರು ಎಷ್ಟು ತೆರಬೇಕು ಎಂಬುದನ್ನು ಅದು ಗೊತ್ತುಪಡಿಸುತ್ತದೆ. ಅರಸು ಮನೆತನದವನೊಬ್ಬ ತನ್ನ ಅಧಿಕಾರಿಗಳ ಕೈಗೇ ಮಿತಿ ಹಾಕಿ ಅದನ್ನು ಊರಿಗೆ ಬರೆದುಕೊಟ್ಟನಲ್ಲ, ಅದಕ್ಕಾಗಿ ಈ ಕಲ್ಲನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ‘ವ್ಯವಸ್ಥೆ’ಯ ಒಳಗಿರುವುದೂ ಸಂಸ್ಕೃತದ ‘ಸ್ಥಾ’ ಧಾತು, ನಿಲ್ಲುವುದು. ಈಗ ‘ಊಟದ ವ್ಯವಸ್ಥೆ’, ‘ಬಸ್ಸಿನ ವ್ಯವಸ್ಥೆ’ ಎಂದು ಸವೆಸಿರುವ ಈ ಪದ ಆಗ ಸನದಿನಷ್ಟು ತೂಕದ್ದಾಗಿತ್ತು.

ಬರವಣಿಗೆಯ ಹೊರಗೆ ನಮ್ಮ ಹಳ್ಳಿಗಳಿಗೆ ಬೇರೊಂದು ಸಭೆಯೂ ಇತ್ತು. ಉತ್ತರ ಕರ್ನಾಟಕದಲ್ಲಿ ‘ದೈವ ಕೂಡ್ಯಾದ’ ಎಂದರೆ ಊರ ಹಿರಿಯರು, ಒಕ್ಕಲು ಮಂದಿ ಗುಡಿಯ ಮುಂದೆ, ಇಲ್ಲವೆ ಅಗಸಿಯ ಹತ್ತಿರ ಕೂಡಿದ್ದಾರೆ ಎಂದು. ಕೂಡಿದ ಜನಕ್ಕೇ ದೈವ ಎಂದ ನುಡಿ ನಮ್ಮದು. ದೈವದ ಮಾತನ್ನು ಯಾರೂ ಬರೆಯುತ್ತಿರಲಿಲ್ಲ, ಡಂಗುರದವ ಸಾರುತ್ತಿದ್ದ. ಅದರ ಬಲ ಊರ ನೆನಪಿನಲ್ಲಿತ್ತು. ಅದರ ಕೊರತೆಯೂ ದೊಡ್ಡದೇ: ಹೆಣ್ಣುಮಕ್ಕಳು ಅಲ್ಲಿ ಕೂಡ್ರುತ್ತಿರಲಿಲ್ಲ, ಕೇರಿಯವರು ದೂರ ನಿಂತು ಕೇಳಬೇಕಿತ್ತು. ಠರಾವು ಕಾಗದದ ಮಗು. ಅದಕ್ಕೆ ತಾರೀಖು, ನಂಬರು, ಸಹಿ ಬೇಕು. ದೂರ ನಿಂತಿದ್ದವರ ಕೈಗೆ ಒಂದು ದಿನ ಸಿಗಬಹುದಾದದ್ದು ಈ ಕಾಗದವೇ. ದೈವದ ಮಾತಿನ ನಕಲು ಕೇಳಿ ಪಡೆಯಲು ಬರುತ್ತಿರಲಿಲ್ಲ, ಠರಾವಿನದಕ್ಕೆ ಬರುತ್ತದೆ.

ಆ ಕಾಗದ ಇರುವ ಪುಸ್ತಕಕ್ಕೆ ನಡಾವಳಿ ಎಂದು ಹೆಸರು. ಇದು ನಡೆಯುವುದರಿಂದ ಹುಟ್ಟಿದ ಪದ. ವಿಧಾನಸೌಧದಲ್ಲಿ ಇದೇ ‘ವಳಿ’ಯ ಇನ್ನೊಂದು ರೂಪ ಬಳಕೆಯಲ್ಲಿದೆ: ನಡೆಯುತ್ತಿರುವ ಕಲಾಪ ಬದಿಗಿಟ್ಟು ತುರ್ತಿನ ವಿಷಯ ಎತ್ತಿಕೊಳ್ಳಿ ಎನ್ನುವುದಕ್ಕೆ ‘ನಿಲುವಳಿ ಸೂಚನೆ’. ರಾಜ್ಯದ ಸರ್ಕಾರಿ ಆದೇಶಗಳ ನೆತ್ತಿಯ ಮೇಲೂ ‘ಕರ್ನಾಟಕ ಸರ್ಕಾರದ ನಡವಳಿಗಳು’ ಎಂದೇ ಇರುತ್ತದೆ, ಕೆಳಗೆ ವಿಷಯ, ಪ್ರಸ್ತಾವನೆ, ಆಮೇಲೆ ಆದೇಶ. ಯಾವ ದಾರಿಯಿಂದ ನಡೆದು ಈ ಆದೇಶಕ್ಕೆ ಬಂದೆವು ಎಂದು ಮೊದಲು ಹೇಳಬೇಕು, ಆಮೇಲೆ ನಿಲ್ಲಬೇಕು.

ಪಂಚಾಯ್ತಿಯ ನಡಾವಳಿ ಪುಸ್ತಕ ಬಿಚ್ಚಿದರೆ ಕಾಣುವುದು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ ಚೌಕಟ್ಟು. ಮೇಲೆ ತಾರೀಖು, ಸಮಯ, ಅಧ್ಯಕ್ಷತೆ ಯಾರದು. ಹಾಜರಾದ ಸದಸ್ಯರ ಹೆಸರು, ಎದುರಿಗೆ ಸಹಿ ಅಥವಾ ಹೆಬ್ಬೆಟ್ಟು. ವಿಷಯ ಒಂದು: ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು. ವಿಷಯ ಎರಡು: ಜಮಾ ಖರ್ಚು. ಆಮೇಲೆ ಕುಡಿಯುವ ನೀರು, ಬೀದಿ ದೀಪ, ಉದ್ಯೋಗ ಖಾತ್ರಿಯ ಕ್ರಿಯಾ ಯೋಜನೆ. ಕಡೆಗೆ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’. ಪ್ರತಿ ವಿಷಯದ ಕೆಳಗೆ ಠರಾವು ಸಂಖ್ಯೆ, ಸೂಚಕರು, ಅನುಮೋದಕರು, ಮತ್ತೆ ಎಲ್ಲೆಡೆ ಅದೇ ಮಾತು: ಸಭೆ ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು.

ನನಗೆ ಸಂಕಟವಾಗುವುದು ಈ ಕೊನೆಯ ವಾಕ್ಯದಲ್ಲಿ. ‘ಚರ್ಚಿಸಿ’ ಎಂಬ ಒಂದು ಪದದೊಳಗೆ ಒಂದು ಮಧ್ಯಾಹ್ನವೇ ಹೂತುಹೋಗಿರುತ್ತದೆ. ತಾಂಡಾದ ಮೆಂಬರಿಣಿ ಎದ್ದು ಕೇಳಿದ ಪ್ರಶ್ನೆ, ಅದಕ್ಕೆ ಬಂದ ಉತ್ತರ, ಬೇಡವೆಂದವರ ಹೆಸರು, ಯಾವುದೂ ಇಲ್ಲ. ನಡಾವಳಿಯಲ್ಲಿ ನಡಿಗೆಯೇ ಇಲ್ಲದೆ ಬರೀ ಠರಾವು ಉಳಿದರೆ, ಅಲ್ಲಿ ಮಾತು ನಡೆದು ಬಂದು ನಿಂತಿತೋ, ಯಾರೋ ಹೊತ್ತು ತಂದು ನಿಲ್ಲಿಸಿದರೋ ತಿಳಿಯುವ ದಾರಿಯಿಲ್ಲ. ಕೊನೆಯ ಸಾಲಿಗೂ ಅಧ್ಯಕ್ಷರ ಸಹಿಗೂ ನಡುವೆ ಜಾಗ ಬಿಟ್ಟ ಪುಟ, ಮನೆ ಮನೆಗೆ ತಿರುಗಿ ಸಹಿ ಕೂಡಿಸಿಕೊಂಡ ಪುಸ್ತಕ, ಇವುಗಳ ಕಥೆ ಕೇಳದ ಹಳ್ಳಿಯವರು ವಿರಳ. ಅಂಥ ಬರಹಕ್ಕೆ ಠರಾವೆಂಬ ಹೆಸರು ಸಲ್ಲದು. ಕೂಡಿ ಕೂತದ್ದೇ ಇಲ್ಲವೆಂದ ಮೇಲೆ ಠರಿದದ್ದು ಯಾವುದು?

ಕಾಯ್ದೆ ದಿನಗಳನ್ನು ಎಣಿಸುವುದು ಈ ನಡಿಗೆಯನ್ನು ಕಾಯಲಿಕ್ಕೇ. 1956ರಲ್ಲಿ ಹೈದರಾಬಾದ್ ರಾಜ್ಯಕ್ಕೆ ತನ್ನದೇ ಗ್ರಾಮ ಪಂಚಾಯ್ತಿ ಕಾಯ್ದೆ ಬಂತು. ಅದೇ ವರ್ಷ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, 1959ರ ಮೈಸೂರು ಕಾಯ್ದೆ ಹಳೆಯ ಪ್ರಾಂತಗಳ ಕಾಯ್ದೆಗಳನ್ನೆಲ್ಲ ತೆಗೆದು ಒಂದೇ ನಿಯಮ ತಂದಿತು. 1983ರದ್ದು ಮಂಡಲ ಪಂಚಾಯ್ತಿಗಳ ಕಾಲ. ಈಗಿನದು 1993ರದ್ದು. ಅದರಂತೆ ಸಾಮಾನ್ಯ ಸಭೆಗೆ ಏಳು ಪೂರ್ಣ ದಿನಗಳ ನೋಟಿಸು ಬೇಕು, ವಿಶೇಷ ಸಭೆಗೆ ಮೂರು. ಪೂರ್ಣ ದಿನವೆಂದರೆ ನೋಟಿಸು ಕೊಟ್ಟ ದಿನವೂ ಸಭೆಯ ದಿನವೂ ಲೆಕ್ಕಕ್ಕಿಲ್ಲ. ಅಧ್ಯಕ್ಷರ ಮೇಲೆ ಅವಿಶ್ವಾಸದ ಠರಾವು ತರಬೇಕೆಂದರೆ ಎಣಿಕೆ ಇನ್ನೂ ಬಿಗಿ. ಒಟ್ಟು ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಜನ ಸಹಿ ಹಾಕಿದ ಕಾಗದವನ್ನು ಅವರಲ್ಲೇ ಇಬ್ಬರು ಕೈಯಾರೆ ಸಹಾಯಕ ಆಯುಕ್ತರಿಗೆ ಕೊಡಬೇಕು. ನಮ್ಮ ಕಡೆಯವರು ಅದಕ್ಕೆ ಯಾದಗಿರಿಗೆ ಹೋಗಬೇಕು. ಸಹಾಯಕ ಆಯುಕ್ತರು ಸದಸ್ಯರಿಗೆ 15 ಪೂರ್ಣ ದಿನಗಳ ನೋಟಿಸು ಕೊಟ್ಟು 30 ದಿನದೊಳಗೆ ಸಭೆ ಕರೆಯಬೇಕು, ಒಟ್ಟು ಸದಸ್ಯರಲ್ಲಿ ಮೂರನೇ ಎರಡರಷ್ಟು ಜನ ಕೈಯೆತ್ತಬೇಕು. ಒಂದು ದಿನ ಕಡಿಮೆ ಬಿತ್ತು, ನೋಟಿಸು ಸರಿಯಾಗಿ ಮುಟ್ಟಲಿಲ್ಲ ಎಂಬ ತಕರಾರುಗಳು ಹೈಕೋರ್ಟಿನ ಬಾಗಿಲವರೆಗೆ ಹೋಗಿವೆ. ಒಂದು ದಿನಕ್ಕೆ ಇಷ್ಟು ರಾದ್ಧಾಂತವೇ ಎಂದು ಬೇಸರಿಸುವವರಿದ್ದಾರೆ. ಆ ಒಂದು ದಿನ ಯಾರದು ಎಂದು ನೋಡಬೇಕು. ಓದು ಬಾರದ ಸದಸ್ಯೆಯೊಬ್ಬಳು ನೋಟಿಸನ್ನು ಮಗಳ ಕೈಯಲ್ಲಿ ಓದಿಸಿಕೊಂಡು, ಓಣಿಯವರನ್ನು ಕೇಳಿ, ತನ್ನ ಮನಸ್ಸು ಗಟ್ಟಿ ಮಾಡಿಕೊಳ್ಳುವ ದಿನ ಅದು. 2010ರಿಂದ ನಮ್ಮ ಪಂಚಾಯ್ತಿಗಳಲ್ಲಿ ಅರ್ಧದಷ್ಟು ಕುರ್ಚಿ ಹೆಣ್ಣುಮಕ್ಕಳಿಗೆ ಮೀಸಲು. ದೈವ ಕೂಡಿದಾಗ ಹೊರಗುಳಿದವರಿಗೆ ಈ ದಿನಗಳ ಎಣಿಕೆಯೇ ಆಸರೆ.

ಕೋರಂ ಎಂಬ ಮಾತೂ ಇದೇ ಕಾವಲಿನದು. ಲ್ಯಾಟಿನ್ನಿನಲ್ಲಿ ಅದಕ್ಕೆ ‘ಯಾರಲ್ಲಿ’ ಎಂದಷ್ಟೇ ಅರ್ಥ. ಇಂಗ್ಲೆಂಡಿನ ಅರಸರು ನ್ಯಾಯಾಧಿಕಾರಿಗಳನ್ನು ನೇಮಿಸುವಾಗ ‘ಇವರಲ್ಲಿ ಇಂಥವರು ಇರಲೇಬೇಕು’ ಎಂದು ಬರೆಯುತ್ತಿದ್ದ ಸಾಲಿನಿಂದ ಕಿತ್ತುಕೊಂಡ ಪದ. ‘ಕೋರಂ ಆಗಿಲ್ಲ, ಮೀಟಿಂಗ್ ಮುಂದಕ್ಕ ಹಾಕ್ಯಾರ’ ಎಂದು ನಮ್ಮ ಹಳ್ಳಿಯವರು ಅದನ್ನು ತಮ್ಮದಾಗಿಸಿಕೊಂಡು ಎಷ್ಟೋ ಕಾಲವಾಯಿತು.

ಠರಾವಿಗೆ ಇನ್ನೊಂದು ಹೊಣೆ ಬರಲಿ ಎಂಬ ಕೂಗೂ ಎದ್ದಿದೆ. 2019ರ ಜನವರಿಯಲ್ಲಿ ರಾಯಚೂರು ಮೊದಲಾದ ಜಿಲ್ಲೆಗಳ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಆಂದೋಲನದ ಹೆಸರಿನಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದರು. ಊರಿನಲ್ಲಿ ಮದ್ಯದ ಅಂಗಡಿ ಇರಬೇಕೋ ಬೇಡವೋ ಎಂಬ ಮಾತು ಗ್ರಾಮಸಭೆಯದ್ದಾಗಬೇಕು ಎಂಬ ಬೇಡಿಕೆಯೂ ಈ ಆಂದೋಲನದಲ್ಲಿ ಸೇರಿದೆ. ಮಹಾರಾಷ್ಟ್ರದಲ್ಲಿ ಹೆಂಗಸರು ಮತ ಹಾಕಿ ಅಂಗಡಿ ಮುಚ್ಚಿಸಲು ದಾರಿಯಿದೆ, ‘ಆಡವಿ ಬಾಟ್ಲಿ’ ಎಂದು ಅದಕ್ಕೆ ಹೆಸರು, ಬಾಟಲಿಯನ್ನು ಅಡ್ಡ ಕೆಡವುವುದು. ಠರಾವೆಂಬ ಪದವನ್ನು ಮರಾಠಿಯಿಂದ ತಂದುಕೊಂಡವರು ನಾವು. ಅದರ ಹಿಂದಿನ ಈ ಅಧಿಕಾರವನ್ನೂ ತಂದುಕೊಡಿ ಎಂದು ಕೇಳುತ್ತಿರುವವರು ನಮ್ಮ ಹೆಣ್ಣುಮಕ್ಕಳು, ಅವರ ಮಾತು ಇನ್ನೂ ಠರಿಯಬೇಕಾಗಿದೆ.